ಹಿರಿಯೂರಿನಿಂದ ಎರಡು ಬಸ್ಸು: ಅಮ್ಮನ ಕಾಯಿಲೆ, ಜಪಸರ ಮತ್ತು ನಮ್ಮ ನಾಡಿನ ಮಿಷನ್ ಆಸ್ಪತ್ರೆಗಳು

ಇಲ್ಲಿ ಸಾಮಾನ್ಯವಾಗಿ ನಾನು ಕೋಟೆ, ಕೆರೆ, ಶಾಸನ ಅಂತ ಮಾತಾಡ್ತೀನಿ. ಇವತ್ತಿನ ಸಂಚಿಕೆಯೂ ಇತಿಹಾಸದ್ದೇ. ಆದರೆ ಶುರುವಾಗೋದು ನಮ್ಮನೆ ಅಡುಗೆಮನೆಯಿಂದ.

ನಮ್ಮೂರು ಧರ್ಮಪುರ. ಚಿತ್ರದುರ್ಗ ಜಿಲ್ಲೆ, ಹಿರಿಯೂರು ತಾಲ್ಲೂಕು, ಆಂಧ್ರದ ಗಡಿಗೆ ಅಂಟಿಕೊಂಡ ಹೋಬಳಿ. ನಮ್ಮ ಕಡೆ ಇತಿಹಾಸ ಅಂದರೆ ಜನ ಗಡಿಯಾಚೆಯ ಹೇಮಾವತಿ ಕಡೆ ಕೈ ತೋರಿಸ್ತಾರೆ. ಹಳೇ ಹೆಂಜೇರು, ನೊಳಂಬರ ರಾಜಧಾನಿ. ಇಲ್ಲಾಂದ್ರೆ ಊರ ಕೆರೆ ತೋರಿಸ್ತಾರೆ, ಅದು ಯಾವಾಗ ತುಂಬುತ್ತೆ ಅಂತ ನಮ್ಮನ್ನೇ ಕೇಳ್ತಾರೆ. ನಮ್ಮದು ಕ್ರೈಸ್ತ ಕುಟುಂಬ, ಕಥೋಲಿಕರು. ಊರಲ್ಲಿ ನಮ್ಮಂಥ ಮನೆಗಳು ಬೆರಳೆಣಿಕೆಯಷ್ಟು. ಹಾಗಾಗಿ ನಮ್ಮ ಪ್ರಾರ್ಥನೆಗೂ ಒಂದು ಇತಿಹಾಸ ಇದೆ ಅಂತ ನನಗೆ ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಓದಿದ್ದು ಬಿ.ಕಾಂ., ಹೊಟ್ಟೆಪಾಡಿಗೆ ಮಾಡಿದ್ದು ಬೇರೆಯವರ ಜಿಎಸ್‌ಟಿ ರಿಟರ್ನ್ಸ್.

ಕೇಳೋ ಹಾಗೆ ಮಾಡಿದ್ದು ಅಮ್ಮನ ಕಾಯಿಲೆ.

ಕೋಡಿ ಬಿದ್ದ ವರ್ಷ

2022ರ ಸೆಪ್ಟೆಂಬರ್ ನಮ್ಮ ತಾಲ್ಲೂಕಿನ ಯಾರಿಗೂ ಮರೆಯೋದಿಲ್ಲ. ವಾಣಿ ವಿಲಾಸ ಸಾಗರ, ಅಂದರೆ ನಮ್ಮ ಮಾರಿಕಣಿವೆ ಡ್ಯಾಮು, 1933ರ ನಂತರ ಮೊದಲನೇ ಸಲ ಕೋಡಿ ಬಿತ್ತು. ಎಂಬತ್ತೊಂಬತ್ತು ವರ್ಷ! ಅಜ್ಜಿ ತಾತಂದಿರನ್ನೆಲ್ಲ ಆಟೋದಲ್ಲಿ ಕೂರಿಸಿಕೊಂಡು ಜನ ನೀರು ನೋಡೋಕೆ ಹೋದರು. ನಾವೂ ಹೊರಟೆವು. ಅಮ್ಮ ಬರಲಿಲ್ಲ. "ಕೈ ನೋವು ಕಣೇ, ನೀವು ಹೋಗ್ಬನ್ನಿ" ಅಂದಳು.

ನವೆಂಬರ್‌ನಲ್ಲಿ ಗೊತ್ತಾಯ್ತು, ನೋವು ಕೈಯಲ್ಲಿರಲಿಲ್ಲ. ಎದೆಯಲ್ಲಿ ಗಂಟು. ಅಮ್ಮನಿಗೆ ಅದು ಜೂನ್‌ನಿಂದಲೇ ಗೊತ್ತಿತ್ತು. ಐದು ತಿಂಗಳು ಯಾರಿಗೂ ಹೇಳಿರಲಿಲ್ಲ. ಅಪ್ಪನಿಗೂ ಇಲ್ಲ, ನನಗೂ ಇಲ್ಲ. ಅಡುಗೆಮನೆ ಗೋಡೆಯಲ್ಲಿದ್ದ ಕ್ಯಾಲೆಂಡರ್‌ನಲ್ಲಿ ದಿನಕ್ಕೊಂದು ಸಣ್ಣ ಗೆರೆ ಎಳೆದಿದ್ದಳು. ಹಾಲಿನ ಲೆಕ್ಕ ಅಂದುಕೊಂಡಿದ್ದೆ. ಅದು ಜಪಸರದ ಲೆಕ್ಕ. ಒಂದು ಸುತ್ತು ಜಪಸರ ಮುಗಿದರೆ ಒಂದು ಗೆರೆ. ಐದು ತಿಂಗಳ ಗೆರೆ ಅಲ್ಲೇ ಇತ್ತು, ನಾವು ಅದರ ಕೆಳಗೇ ನಿಂತು ಕಾಫಿ ಕುಡೀತಿದ್ವಿ.

ನನಗೆ ಬಂದ ಸಿಟ್ಟು ಇವತ್ತಿಗೂ ನೆನಪಿದೆ. ಅಮ್ಮನ ಮೇಲೆ ಅಲ್ಲ. ಆ ಗೆರೆಗಳ ಮೇಲೆ.

ಅದೇ ವಾರ ದೊಡ್ಡಮ್ಮ ಬಂದರು. ಅವರು ಕೆಲವು ವರ್ಷದಿಂದ ಬೇರೆ ಒಂದು ಪ್ರಾರ್ಥನಾ ಕೂಟಕ್ಕೆ ಹೋಗ್ತಾರೆ. ಅಮ್ಮನ ಪಕ್ಕ ಕೂತು, ಕೈ ಹಿಡಿದು, ತುಂಬಾ ಪ್ರೀತಿಯಿಂದಲೇ ಹೇಳಿದರು: "ಆಪರೇಷನ್ ಗೀಪರೇಷನ್ ಅಂತ ಹೋದ್ರೆ ನಂಬಿಕೆ ಕಮ್ಮಿ ಅಂತ ಆಗುತ್ತಮ್ಮ. ಒಂದು ಹೆಜ್ಜೆ ದೇವರ ಕಡೆ, ಒಂದು ಹೆಜ್ಜೆ ಡಾಕ್ಟರ ಕಡೆ ಇಟ್ರೆ ಹೇಗೆ?" ಅಮ್ಮ ಆ ಮಾತಿಗೆ ತಲೆಯಾಡಿಸಿದ್ದನ್ನ ನಾನು ಬಾಗಿಲ ಹತ್ರ ನಿಂತು ನೋಡಿದೆ.

ನೀವು ಹಿರಿಯೂರು ನೋಡಿದ್ರೆ ಈ ಮಾತು ಇನ್ನೂ ಚೆನ್ನಾಗಿ ಅರ್ಥ ಆಗುತ್ತೆ. ಹೆದ್ದಾರಿಯಲ್ಲಿ ಬಸ್ಸಿಗೆ ನಿಂತರೆ ಒಂದು ಕಡೆ ಸಿರಾ, ತುಮಕೂರು ದಾಟಿ ಬೆಂಗಳೂರು. ಅಲ್ಲಿ ಕಿದ್ವಾಯಿ ಆಸ್ಪತ್ರೆ. ಇನ್ನೊಂದು ಕಡೆ ಚಿತ್ರದುರ್ಗ, ದಾವಣಗೆರೆ ದಾಟಿ ಹರಿಹರ. ಅಲ್ಲಿ ಆರೋಗ್ಯ ಮಾತೆ. ಒಂದೇ ರೋಡು, ಎರಡು ದಿಕ್ಕು. ಅಮ್ಮ ಹರಿಹರದ ಬಸ್ ಹತ್ತಬೇಕು ಅಂತಿದ್ದಳು. ನಾನು ಬೆಂಗಳೂರಿನ ಬಸ್ ಅಂತಿದ್ದೆ.

ಆ ರಾತ್ರಿ ನನಗೆ ಒಂದು ಪ್ರಶ್ನೆ ಹುಟ್ಟಿತು. ನಮಗಿಂತ ಮುಂಚೆ ಈ ನಾಡಿನಲ್ಲಿ ಪ್ರಾರ್ಥನೆ ಮಾಡಿದ ಕ್ರೈಸ್ತರು, ಮನೆಯಲ್ಲಿ ಕಾಯಿಲೆ ಬಂದಾಗ ಯಾವ ಬಸ್ ಹತ್ತಿದರು? ಅಂದರೆ, ದೊಡ್ಡಮ್ಮ ಹೇಳಿದ ಹಾಗೆ ಅವರೂ ಎರಡರಲ್ಲಿ ಒಂದನ್ನ ಆರಿಸಿಕೊಂಡರಾ? ಆಮೇಲಿನ ತಿಂಗಳುಗಳಲ್ಲಿ, ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಮೊಬೈಲ್‌ನಲ್ಲಿ, ಊರಿಗೆ ಬಂದಾಗ ಲೈಬ್ರರಿಯಲ್ಲಿ, ಸಿಕ್ಕಿದ್ದನ್ನೆಲ್ಲ ಓದಿದೆ. ಸಿಕ್ಕ ಉತ್ತರ ಹೇಳ್ತೀನಿ.

ಲೆಕ್ಕ ಇಟ್ಟ ಪಾದ್ರಿ

ಮೊದಲು ಇನ್ನೂರು ವರ್ಷ ಹಿಂದೆ ಹೋಗೋಣ. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ತೀರಿಕೊಂಡ. ಅದಾದ ಮೇಲೆ ಮೈಸೂರು ಸೀಮೆಗೆ ಒಬ್ಬ ಫ್ರೆಂಚ್ ಪಾದ್ರಿ ಬಂದರು. ಹೆಸರು ಅಬ್ಬೆ ದುಬುವಾ. 1792ರಲ್ಲೇ ಭಾರತಕ್ಕೆ ಬಂದಿದ್ದವರು. ಇಲ್ಲಿನವರ ಥರವೇ ಬಟ್ಟೆ, ತಲೆಗೆ ರುಮಾಲು, ಇಲ್ಲಿನವರ ಊಟ. ಜನ ಅವರನ್ನ 'ದೊಡ್ಡ ಸ್ವಾಮಿಯವರು' ಅಂತಿದ್ದರು. ಹಿಂದೂ ಆಚಾರ ವಿಚಾರಗಳ ಬಗ್ಗೆ ಅವರ ಹೆಸರಲ್ಲಿ ಬಂದ ಪುಸ್ತಕ ಜಗತ್ಪ್ರಸಿದ್ಧ. ಆದರೆ ಅವರು ಮಾಡಿದ ಇನ್ನೊಂದು ಕೆಲಸ ನಮ್ಮ ಪಠ್ಯಪುಸ್ತಕದಲ್ಲಿಲ್ಲ.

ಆಗಿನ ದೊಡ್ಡ ಭಯ ಸಿಡುಬು. ನಮ್ಮ ಕಡೆ ಅದನ್ನ ಕಾಯಿಲೆ ಅಂತಲೂ ಕರೀತಿರಲಿಲ್ಲ, 'ಅಮ್ಮ' ಅಂತಿದ್ದರು. ಈಗಲೂ ಚಳ್ಳಕೆರೆ ತಾಲ್ಲೂಕಿನ ಗೌರಸಮುದ್ರದಲ್ಲಿ ಮಾರಮ್ಮನ ಜಾತ್ರೆಗೆ ಭಾದ್ರಪದದಲ್ಲಿ ಸೇರೋ ಜನ ನೋಡಿದರೆ, ಆ ಭಯ ಎಷ್ಟು ದೊಡ್ಡದಿತ್ತು ಅಂತ ಅಂದಾಜಾಗುತ್ತೆ. 1798ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ ಹಸುವಿನ ಸಿಡುಬಿನಿಂದ ಲಸಿಕೆ ಹಾಕೋ ವಿಧಾನ ಪ್ರಕಟಿಸಿದರು. 1802ರ ಜೂನ್‌ನಲ್ಲಿ ಅದು ಬಾಂಬೆಗೆ ಬಂತು, ಅಲ್ಲಿ ಮೊದಲು ಚುಚ್ಚಿಸಿಕೊಂಡದ್ದು ಆನಾ ಡಸ್ಟ್‌ಹಾಲ್ ಅನ್ನೋ ಮೂರು ವರ್ಷದ ಮಗು.

ಆಗ ಫ್ರಿಜ್ ಇಲ್ಲ, ಸಿರಿಂಜ್ ಇಲ್ಲ. ಲಸಿಕೆ ಹೋಗ್ತಿದ್ದದ್ದು ಕೈಯಿಂದ ಕೈಗೆ. ಒಂದು ಮಗುವಿನ ತೋಳಿಗೆ ಚುಚ್ಚಿ, ಸುಮಾರು ಎಂಟು ದಿನಕ್ಕೆ ಗುಳ್ಳೆ ಎದ್ದ ಮೇಲೆ, ಅದರ ರಸ ತೆಗೆದು ಇನ್ನೊಂದು ಮಗುವಿಗೆ ಚುಚ್ಚಬೇಕು. ಒಂದು ಮನೆಯವರು ಬೇಡ ಅಂದರೂ ಆ ಸರಪಳಿ ಅಲ್ಲೇ ಕಡಿದು ಹೋಗಬಹುದು. ಯಾರ ಮಗು, ಯಾವ ಜಾತಿ, ಯಾರ ರಸ ಯಾರ ಮೈಗೆ? ಜನ ಹಿಂಜರಿಯೋದಕ್ಕೆ ಕಾರಣಗಳು ಕಮ್ಮಿ ಇರಲಿಲ್ಲ.

ಅಂಥ ಹೊತ್ತಲ್ಲಿ ಊರೂರಲ್ಲಿ ಲಸಿಕೆ ಹಾಕಿಸಿದವರಲ್ಲಿ ಮುಖ್ಯರಾದವರು ಈ ಅಬ್ಬೆ ದುಬುವಾ. 1803-04ರಲ್ಲಿ ಅವರ ಮೇಲ್ವಿಚಾರಣೆಯಲ್ಲಿ ಲಸಿಕೆ ಹಾಕಿಸಿಕೊಂಡವರ ಸಂಖ್ಯೆ 25 ಸಾವಿರಕ್ಕೂ ಹೆಚ್ಚು. ಅದಕ್ಕೆ ರಿಜಿಸ್ಟರ್ ಕೂಡ ಇಟ್ಟಿದ್ದರು. ಬಿ.ಕಾಂ. ಓದಿದವಳಿಗೆ ಈ ರಿಜಿಸ್ಟರ್ ಅನ್ನೋ ಮಾತೇ ಮೊದಲು ಕಣ್ಣಿಗೆ ಬಿತ್ತು. ದಿನಾ ಪೂಜೆ, ಪ್ರಾರ್ಥನೆ ಮಾಡೋ ಗುರುವಿನ ಕೈಯಲ್ಲೇ ಲಸಿಕೆಯ ಲೆಕ್ಕದ ಪುಸ್ತಕ.

ಅದೇ ಕಾಲಕ್ಕೆ ಮೈಸೂರು ಅರಮನೆಯೂ ಲಸಿಕೆಯ ಪರ ನಿಂತಿತ್ತು. ಥಾಮಸ್ ಹಿಕ್ಕಿ 1805ರ ಸುಮಾರಿಗೆ ಬರೆದದ್ದು ಅನ್ನೋ ಒಂದು ಚಿತ್ರದಲ್ಲಿ ಮೂವರು ಹೆಂಗಸರಿದ್ದಾರೆ. ಅವರು ಮೈಸೂರಿನ ರಾಣಿಯರು, ಅವರಲ್ಲಿ ಒಬ್ಬರು ಸೀರೆ ಸರಿಸಿ ಲಸಿಕೆ ಹಾಕಿಸಿಕೊಂಡ ಜಾಗ ತೋರಿಸ್ತಿದ್ದಾರೆ ಅಂತ ಇತಿಹಾಸಕಾರ ನೈಜಲ್ ಚಾನ್ಸಲರ್ ವಾದಿಸಿದ್ದಾರೆ. ಅಂದರೆ ಅದು ಆ ಕಾಲದ ಲಸಿಕೆ ಜಾಹೀರಾತು.

ದುಬುವಾ ಅವರದ್ದು ಇನ್ನೊಂದು ವಿಷಯ ನನಗೆ ಇಷ್ಟ ಆಯ್ತು. 1823ರಲ್ಲಿ ಅವರು ಫ್ರಾನ್ಸಿಗೆ ವಾಪಸ್ ಹೋದರು. ಅದೇ ವರ್ಷ ಪ್ರಕಟವಾದ ಪತ್ರಗಳಲ್ಲಿ, ಭಾರತದಲ್ಲಿ ಮತಾಂತರದ ಕೆಲಸ ಸೋತಿದೆ, ಗೆಲ್ಲೋ ಹಾಗೂ ಕಾಣ್ತಿಲ್ಲ ಅಂತ ನೇರವಾಗಿ ಬರೆದರು. ಬೇರೆ ಮಿಷನರಿಗಳು ಸಿಟ್ಟಾದರು. ಬಂದ ಕೆಲಸ ಆಗಲಿಲ್ಲ ಅಂತ ಒಪ್ಪಿಕೊಂಡ ಆ ಮನುಷ್ಯ ಬಿಟ್ಟುಹೋದದ್ದು, ಸಿಡುಬಿನಿಂದ ಉಳಿದ ಸಾವಿರಾರು ತೋಳುಗಳನ್ನ.

ಹೇಳಿಕೊಳ್ಳಲಾಗದ ಹೆಂಗಸರು

ಈಗ ನೂರು ವರ್ಷ ಮುಂದೆ ಬರೋಣ. ಮಂಗಳೂರಿನವರಿಗೆ ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆ ಗೊತ್ತಿರುತ್ತೆ. ಆಗಸ್ಟಸ್ ಮುಲ್ಲರ್ ಜರ್ಮನಿಯ ಜೆಸ್ವಿತ್ ಪಾದ್ರಿ. 1880ರಲ್ಲಿ ಬಡವರಿಗೆ ಹೋಮಿಯೋಪಥಿ ಔಷಧ ಹಂಚೋಕೆ ಶುರು ಮಾಡಿದರು. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ, 1902ರಲ್ಲಿ ಪ್ಲೇಗ್ ಆಸ್ಪತ್ರೆ. ಊರೇ ಹೊರಗಿಟ್ಟವರಿಗೆ ಮೊದಲು ಸೂರು ಕೊಟ್ಟಿದ್ದು ಅವರು. ಹೋಮಿಯೋಪಥಿ ಬಗ್ಗೆ ಇವತ್ತಿನ ವಿಜ್ಞಾನ ಕೇಳೋ ಪ್ರಶ್ನೆಗಳು ಬೇರೆ, ಅದು ಇನ್ನೊಂದು ಸಂಚಿಕೆಗೆ ಇರಲಿ. ಅವರು ಶುರು ಮಾಡಿದ ಜಾಗದಲ್ಲಿ ಇವತ್ತು ಮೆಡಿಕಲ್ ಕಾಲೇಜೇ ಇದೆ.

ಆದರೆ ಅಮ್ಮನ ಗೆರೆಗಳು ನನಗೆ ಅರ್ಥ ಆಗಿದ್ದು ಇನ್ನೊಂದು ಕಥೆಯಿಂದ. ಅದು ನಮ್ಮ ರಾಜ್ಯದ್ದಲ್ಲ, ಪಕ್ಕದ ತಮಿಳುನಾಡಿನದು. ನಮ್ಮ ಗಡಿ ಭಾಗದವರು ದೊಡ್ಡ ಕಾಯಿಲೆ ಅಂದ ತಕ್ಷಣ ಹೆಸರು ಹೇಳೋ ವೆಲ್ಲೂರಿನ ಸಿಎಂಸಿ ಆಸ್ಪತ್ರೆಯ ಹುಟ್ಟಿನ ಕಥೆ.

1890ರ ದಶಕ. ತಿಂಡಿವನಂನಲ್ಲಿ ಒಬ್ಬ ಅಮೆರಿಕನ್ ಮಿಷನರಿ ಡಾಕ್ಟರ್. ಅವರ ಮಗಳು ಐಡಾ ಸ್ಕಡರ್, ಇಪ್ಪತ್ತರ ಆಸುಪಾಸಿನ ಹುಡುಗಿ. ಮಿಷನ್ ಗಿಷನ್ ಏನೂ ಬೇಡ, ಅಮೆರಿಕಕ್ಕೆ ವಾಪಸ್ ಹೋಗಿ ಆರಾಮಾಗಿರ್ತೀನಿ ಅಂದುಕೊಂಡಿದ್ದವಳು. ಒಂದು ರಾತ್ರಿ ಮೂವರು ಗಂಡಸರು ಒಬ್ಬರಾದ ಮೇಲೆ ಒಬ್ಬರು ಬಾಗಿಲಿಗೆ ಬಂದರು. ಒಬ್ಬ ಬ್ರಾಹ್ಮಣ, ಒಬ್ಬ ಮುಸಲ್ಮಾನ, ಇನ್ನೊಬ್ಬ ಬೇರೆ ಮೇಲ್ಜಾತಿಯವನು. ಮೂವರದೂ ಒಂದೇ ಸಂಕಟ. ಹೆಂಡತಿಗೆ ಹೆರಿಗೆ ಕಷ್ಟ ಆಗಿದೆ, ಬನ್ನಿ. ಐಡಾ ಹೇಳಿದಳು, ನನಗೇನೂ ಗೊತ್ತಿಲ್ಲ, ನಮ್ಮಪ್ಪ ಡಾಕ್ಟರು, ಅವರು ಬರ್ತಾರೆ. ಮೂವರೂ ಒಪ್ಪಲಿಲ್ಲ. ಹೆಂಗಸಿನ ಮೈ ಗಂಡು ಡಾಕ್ಟರ್ ನೋಡೋ ಹಾಗಿಲ್ಲ. ಆ ಹುಡುಗಿ ರಾತ್ರಿಯೆಲ್ಲ ನಿದ್ದೆ ಮಾಡಲಿಲ್ಲ, ಪ್ರಾರ್ಥನೆ ಮಾಡಿದಳು. ಬೆಳಗಾಗೋ ಹೊತ್ತಿಗೆ ಮೂವರು ಹೆಂಗಸರೂ ತೀರಿಕೊಂಡಿದ್ದರು.

ಆ ರಾತ್ರಿಯ ನಂತರ ಐಡಾ ಮೆಡಿಕಲ್ ಓದೋಕೆ ಹೋದಳು. 1899ರಲ್ಲಿ ಕಾರ್ನೆಲ್‌ನಿಂದ ಪಾಸಾಗಿ, 1900ರಲ್ಲಿ ವಾಪಸ್ ಬಂದು ವೆಲ್ಲೂರಿನಲ್ಲಿ ಚಿಕಿತ್ಸೆ ಶುರು ಮಾಡಿದಳು. 1902ರಲ್ಲಿ ಆಸ್ಪತ್ರೆ ಆಯ್ತು, 1918ರಲ್ಲಿ ಹೆಣ್ಣುಮಕ್ಕಳಿಗೆ ವೈದ್ಯಕೀಯ ಶಾಲೆ.

ನಮ್ಮಲ್ಲೂ ಹೀಗೇ ಆಯ್ತು. 1906ರಲ್ಲಿ ಮೈಸೂರಿನಲ್ಲಿ ವೆಸ್ಲಿಯನ್ ಮಿಷನ್‌ನವರು ಹೆಂಗಸರಿಗೂ ಮಕ್ಕಳಿಗೂ ಅಂತಲೇ ಆಸ್ಪತ್ರೆ ತೆರೆದರು. ಮೈಸೂರಿನವರ ಬಾಯಲ್ಲಿ ಅದು ಇವತ್ತಿಗೂ 'ಮಿಷನ್ ಆಸ್ಪತ್ರೆ'. 1923ರಲ್ಲಿ ಸ್ವಿಟ್ಜರ್ಲೆಂಡಿನ ಡಾಕ್ಟರ್ ಈವಾ ಲೊಂಬಾರ್ಡ್ ಬಾಸೆಲ್ ಮಿಷನ್ ಕಡೆಯಿಂದ ಉಡುಪಿಗೆ ಬಂದು ಆಸ್ಪತ್ರೆ ಶುರು ಮಾಡಿದರು. ಒಬ್ಬ ಹೆಂಗಸಿಗೆ ತನ್ನ ನೋವು ಹೇಳಿಕೊಳ್ಳೋಕೆ ಇನ್ನೊಬ್ಬ ಹೆಂಗಸು ಬೇಕಿತ್ತು. ಆ ಕೊರತೆ ತುಂಬೋದೇ ಅಲ್ಲಿ ಚಿಕಿತ್ಸೆಯ ಮೊದಲ ಹೆಜ್ಜೆ.

ಇಲ್ಲಿ ಒಂದು ಮಾತು ಮುಚ್ಚಿಡಬಾರದು. ಈ ಆಸ್ಪತ್ರೆಗಳಿಗೆ ಧರ್ಮಪ್ರಚಾರದ ಉದ್ದೇಶವೂ ಇತ್ತು. ಡಾಕ್ಟರ್ ಬರೋ ಮುಂಚೆ ಕಾಯೋ ಜನರಿಗೆ ಬೈಬಲ್ ಓದಿ ಹೇಳೋದು ಆಗಿನ ಮಿಷನ್ ಆಸ್ಪತ್ರೆಗಳ ದಿನಚರಿ. ಹೆಚ್ಚಿನವರು ಅದನ್ನ ಕೇಳಿಸಿಕೊಂಡು, ಔಷಧ ತಗೊಂಡು, ತಮ್ಮ ತಮ್ಮ ದೇವರಿಗೆ ಕೈಮುಗಿದು ಮನೆಗೆ ಹೋದರು. ಅವರೂ ಜಾಣರೇ.

'ಮೆಮೋರಿಯಲ್' ಅನ್ನೋ ಬೋರ್ಡು

ಒಂದು ದಿನ ಈ ಆಸ್ಪತ್ರೆಗಳ ಪಟ್ಟಿ ಮಾಡ್ತಾ ಕೂತಿದ್ದೆ. ಆಗ ಒಂದು ವಿಷಯ ಹೊಳೆಯಿತು. ಮೈಸೂರಿನದ್ದು ಹೋಲ್ಡ್ಸ್‌ವರ್ತ್ ಮೆಮೋರಿಯಲ್. ಹಾಸನದ್ದು ರೆಡ್‌ಫರ್ನ್ ಮೆಮೋರಿಯಲ್. ಉಡುಪಿಯದ್ದು ಲೊಂಬಾರ್ಡ್ ಮೆಮೋರಿಯಲ್. ಮೆಮೋರಿಯಲ್ ಅಂದರೆ ಸ್ಮಾರಕ. ಅಂದರೆ ಯಾರೋ ತೀರಿಕೊಂಡಿದ್ದಾರೆ.

ಮೈಸೂರಿನ ಆಸ್ಪತ್ರೆಗೆ ಹೆಸರು ಕೊಟ್ಟ ಮೇರಿ ಕ್ಯಾಲ್ವರ್ಟ್ ಹೋಲ್ಡ್ಸ್‌ವರ್ತ್ ಒಬ್ಬ ಮಿಷನರಿಯ ಹೆಂಡತಿ. ಪ್ರಾರ್ಥನೆಯೇ ಕೆಲಸ ಆಗಿದ್ದ ಮನೆ ಅದು. ಆದರೂ ಆ ಮನೆಯಾಕೆ ಉಳಿಯಲಿಲ್ಲ. ಆಕೆಯ ನೆನಪಿಗೆ ಉಳಿದದ್ದು ಆಸ್ಪತ್ರೆ. ನೀವು ಆ ಬೋರ್ಡಿನ ಕೆಳಗೆ ಹಾದುಹೋಗುವಾಗ, ಅದು ಕಳೆದುಕೊಂಡವರು ಹಾಕಿದ ಬೋರ್ಡು ಅನ್ನೋದು ನೆನಪಿರಲಿ.

ಕನ್ನಡಕ್ಕೆ ದುಡಿದ ಮಿಷನರಿಗಳ ಮನೆಗಳೂ ಹಾಗೇ. 1894ರಲ್ಲಿ ಕನ್ನಡ ನಿಘಂಟು ಕೊಟ್ಟ ಫರ್ಡಿನಾಂಡ್ ಕಿಟೆಲ್ ಗೊತ್ತಲ್ಲ? ಅವರ ಮೊದಲ ಹೆಂಡತಿ ಪೌಲಿನ್ ಮದುವೆಯಾದ ಕೆಲವೇ ವರ್ಷಗಳಲ್ಲಿ ತೀರಿಕೊಂಡರು. 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ತಂದ ಹರ್ಮನ್ ಮೊಗ್ಲಿಂಗ್ ಅವರ ಕಥೆ ಇನ್ನೂ ಹತ್ತಿರದ್ದು. ಅವರ ಜೊತೆ ಕನ್ನಡ ಬೈಬಲ್ ಕೆಲಸದಲ್ಲಿದ್ದ ಗಾಟ್‌ಫ್ರೀಡ್ ವೈಗ್ಲೆ 1855ರಲ್ಲಿ ತೀರಿಹೋದರು. ವೈಗ್ಲೆಯ ಹೆಂಡತಿ, ನಾಲ್ಕು ಗಂಡುಮಕ್ಕಳು ಒಂಟಿಯಾದರು. ಮುಂದೆ ಮೊಗ್ಲಿಂಗ್ ಆಕೆಯನ್ನ ಮದುವೆಯಾದರು. ಆಕೆಯ ಹೆಸರೂ ಪೌಲಿನ್. ಆಕೆಯ ಆರೋಗ್ಯ ಕೆಟ್ಟಿತು. 1860ರಲ್ಲಿ ಮೊಗ್ಲಿಂಗ್, ಇಪ್ಪತ್ತನಾಲ್ಕು ವರ್ಷ ಕಟ್ಟಿದ ಕೆಲಸ ಬಿಟ್ಟು, ಹೆಂಡತಿಯನ್ನ ಕರೆದುಕೊಂಡು ಜರ್ಮನಿಗೆ ಹೊರಟರು. ಮತ್ತೆ ಈ ಕಡೆ ಬರಲೇ ಇಲ್ಲ.

ಯೋಚಿಸಿ. ಪ್ರಾರ್ಥನೆ ಒಂದೇ ಸಾಕು ಅಂತ ಹೇಳೋ ಹಕ್ಕು ಯಾರಿಗಾದರೂ ಇದ್ದಿದ್ದರೆ ಅದು ಅವರಿಗೇ ಇತ್ತು. ಅವರು ಹಾಗೆ ಹೇಳಲಿಲ್ಲ. ಹಡಗು ಹತ್ತಿದರು.

ಎಣ್ಣೆಯ ಭಯ

ಈಗ ನಮ್ಮನೆಗೆ ವಾಪಸ್ ಬರೋಣ. ದೊಡ್ಡಮ್ಮ ಬಂದುಹೋದ ಎರಡು ದಿನಕ್ಕೆ ನಮ್ಮ ಗುರುಗಳು ಬಂದರು. ಕೈಯಲ್ಲಿ ಸಣ್ಣ ಎಣ್ಣೆಯ ಭರಣಿ. ಅದನ್ನ ನೋಡಿದ ತಕ್ಷಣ ಅಜ್ಜಿ ಗೋಳೋ ಅಂತ ಅಳೋಕೆ ಶುರು ಮಾಡಿದರು. "ಕೊನೇ ಎಣ್ಣೆ ತಂದ್ಬಿಟ್ರಲ್ಲ ಸ್ವಾಮಿ, ನನ್ ಸೊಸೆ ಇನ್ನೂ ನಡ್ಕೊಂಡು ಓಡಾಡ್ತಾವ್ಳೆ!"

ಅಜ್ಜಿಯ ಭಯಕ್ಕೂ ಇತಿಹಾಸ ಇದೆ. ರೋಗಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸೋ ಪದ್ಧತಿ ಬೈಬಲಿನ ಯಾಕೋಬನ ಪತ್ರದ 5ನೇ ಅಧ್ಯಾಯದಷ್ಟು ಹಳೆಯದು. ಕಾಯಿಲೆ ಬಂದವರು ಸಭೆಯ ಹಿರಿಯರನ್ನ ಕರೆಸಲಿ, ಅವರು ಎಣ್ಣೆ ಹಚ್ಚಿ ಪ್ರಾರ್ಥಿಸಲಿ ಅನ್ನೋದು ಅದರ ಸಾರ. ಅದರ ಉದ್ದೇಶ ರೋಗಿಗೆ ಬಲ ತುಂಬೋದು. ಆದರೆ ಶತಮಾನಗಳು ಕಳೀತಾ ಕಥೋಲಿಕರಲ್ಲಿ ಅದು ಸಾಯೋ ಹೊತ್ತಿನ ಸಂಸ್ಕಾರ ಆಗಿಬಿಟ್ಟಿತು. ಪಾದ್ರಿ ಎಣ್ಣೆ ತಂದರು ಅಂದರೆ ಮುಗೀತು ಅಂತ ಅರ್ಥ. 1962ರಿಂದ 65ರವರೆಗೆ ನಡೆದ ಎರಡನೇ ವ್ಯಾಟಿಕನ್ ಸಮ್ಮೇಳನ ಇದನ್ನ ತಿದ್ದಿತು. 1972ರಲ್ಲಿ ಪೋಪ್ ಆರನೇ ಪೌಲ್ ಹೊಸ ವಿಧಿಯನ್ನೇ ಹೊರಡಿಸಿದರು. ಇದು ಸಾಯೋರಿಗೆ ಮಾತ್ರ ಅಲ್ಲ, ಗಂಭೀರ ಕಾಯಿಲೆ ಇರೋ ಯಾರಿಗೇ ಆದರೂ ಸರಿ. ನಮ್ಮ ಅಜ್ಜಿ ಮದುವೆಯಾಗಿದ್ದು ಅದಕ್ಕೂ ಮುಂಚೆ. ಪೋಪ್ ಬದಲಾಯಿಸಿ ಐವತ್ತು ವರ್ಷ ಆದರೂ ಅಜ್ಜಿಗೆ ಆ ಸುದ್ದಿ ತಲುಪಿರಲಿಲ್ಲ.

ಗುರುಗಳು ಅಜ್ಜಿಯನ್ನ ಸಮಾಧಾನ ಮಾಡಿ, ಅಮ್ಮನ ಹಣೆಗೂ ಅಂಗೈಗೂ ಎಣ್ಣೆ ಹಚ್ಚಿದರು. ಆಮೇಲೆ ಬೈಬಲ್ ತೆಗೆದು ಸಿರಾಕನ ಗ್ರಂಥದ 38ನೇ ಅಧ್ಯಾಯ ಓದಿದರು. ನಾನು ಅದನ್ನ ಅದುವರೆಗೂ ಓದಿರಲಿಲ್ಲ. ಸಾರ ಇಷ್ಟೇ: ವೈದ್ಯನನ್ನ ಗೌರವಿಸು, ಅವನನ್ನೂ ದೇವರೇ ಸೃಷ್ಟಿಸಿದ್ದು. ಔಷಧ ಕೂಡ ದೇವರು ಮಣ್ಣಿನಿಂದ ತೆಗೆದದ್ದೇ. ಕಾಯಿಲೆ ಬಂದಾಗ ಪ್ರಾರ್ಥಿಸು, ಆಮೇಲೆ ವೈದ್ಯನಿಗೆ ಜಾಗ ಬಿಡು. ಇದು ಬರೆದದ್ದು ಕ್ರಿಸ್ತನಿಗೂ ಮುಂಚಿನ ಶತಮಾನದಲ್ಲಿ!

ಈ ಗ್ರಂಥ ಕಥೋಲಿಕರ ಬೈಬಲಿನಲ್ಲಿದೆ, ಪ್ರಾಟೆಸ್ಟೆಂಟರ ಬೈಬಲಿನಲ್ಲಿಲ್ಲ. ಹಾಗಾಗಿ ಫೋನಿನಲ್ಲಿ ದೊಡ್ಡಮ್ಮ ಒಪ್ಪಲಿಲ್ಲ. "ನಮ್ ಬೈಬಲಲ್ಲಿ ಅದು ಇಲ್ವಲ್ಲ" ಅಂದರು. ಆಗ ನಾನು ಕೇಳಿದೆ, "ಸರಿ ದೊಡ್ಡಮ್ಮ, ಲೂಕನ ಸುವಾರ್ತೆ ನಿಮ್ಮಲ್ಲೂ ಇದೆ ತಾನೆ? ಲೂಕ ಏನ್ ಕೆಲ್ಸ ಮಾಡ್ತಿದ್ದ?" ದೊಡ್ಡಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ವೈದ್ಯ" ಅಂದರು. ಹೌದು, ಪೌಲನೇ ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲಿ ಅವನನ್ನ ವೈದ್ಯ ಅಂತ ಕರೀತಾನೆ.

ಗುರುಗಳು ಹೊರಡೋವಾಗ ಅಮ್ಮನಿಗೆ ಹೇಳಿದ್ದು ಒಂದೇ ಮಾತು. "ಎಣ್ಣೆ ಹಚ್ಚಿದ್ದೀನಿ. ಇನ್ನು ಬೆಂಗಳೂರ್ ಬಸ್ ಹತ್ತಮ್ಮ. ಹರಿಹರ ಎಲ್ಲೂ ಹೋಗಲ್ಲ."

ಡೈರಿ ಸರ್ಕಲ್ ಹತ್ತಿರ

ಕಿದ್ವಾಯಿ ಶುರುವಾಗಿದ್ದು 1973ರಲ್ಲಿ. ಸ್ವಾತಂತ್ರ್ಯ ಹೋರಾಟಗಾರ, ಕೇಂದ್ರ ಮಂತ್ರಿಯಾಗಿದ್ದ ರಫಿ ಅಹ್ಮದ್ ಕಿದ್ವಾಯಿ ಅವರ ಹೆಸರು. ಅದೂ ಸ್ಮಾರಕವೇ ನೋಡಿ.

ಸರ್ಜರಿ, ಎಂಟು ಕೀಮೋ, ರೇಡಿಯೇಷನ್. ಒಂದೊಂದು ಕೀಮೋಗೆ ಇಪ್ಪತ್ತೊಂದು ದಿನದ ಅಂತರ. ನಾನು ಬಿಲ್ಲು, ರಿಪೋರ್ಟು, ಬಸ್ ಟಿಕೆಟ್ ಎಲ್ಲ ಒಂದು ಫೈಲಿಗೆ ಹಾಕಿ ಎಕ್ಸೆಲ್ ಶೀಟ್ ಮಾಡಿದೆ. ಅಮ್ಮ ಊರಿನ ಕ್ಯಾಲೆಂಡರನ್ನ ಗೋಡೆಯಿಂದ ಬಿಚ್ಚಿ, ಸುರುಳಿ ಸುತ್ತಿ ಬ್ಯಾಗಲ್ಲಿ ತಂದಿದ್ದಳು. ಜಪಸರದ ಗೆರೆಗಳ ಪಕ್ಕ ಈಗ ಕೀಮೋ ದಿನಕ್ಕೊಂದು ಸೊನ್ನೆ. ನನ್ನ ಎಕ್ಸೆಲ್‌ನಲ್ಲಿ ಒಂದು ತಾರೀಖು ತಪ್ಪಾಗಿತ್ತು. ಅದನ್ನ ಹಿಡಿದಿದ್ದು ಅಮ್ಮನ ಕ್ಯಾಲೆಂಡರ್.

ಎರಡನೇ ಕೀಮೋ ಆದ ಮೇಲೆ ಕೂದಲು ಉದುರಿತು. ಬಾಯಲ್ಲಿ ಹುಣ್ಣು. ಕೆಲವು ದಿನ ಜಪಸರದ ಮಣಿ ಹಿಡಿಯೋಕೂ ಬೆರಳಲ್ಲಿ ಶಕ್ತಿ ಇರ್ತಿರಲಿಲ್ಲ. ಆಗ ನಾನು ಹಿಡಿದುಕೊಂಡೆ. ಹತ್ತನೇ ಕ್ಲಾಸ್ ಆದ ಮೇಲೆ ಮುಟ್ಟಿರಲಿಲ್ಲ ಅದನ್ನ. 'ನಮೋ ಮರಿಯಾ' ಅರ್ಧಕ್ಕೆ ಮರೆತುಹೋಗ್ತಿತ್ತು. ಅಮ್ಮ ಕಣ್ಣು ಮುಚ್ಚಿಕೊಂಡೇ ತಿದ್ದೋಳು. ನನಗೆ ಆಗ ದೇವರ ಬಗ್ಗೆ ದೊಡ್ಡ ಅರಿವೇನೂ ಬರಲಿಲ್ಲ, ಸುಳ್ಳು ಹೇಳಬಾರದು. ಆದರೆ ಒಂದು ಸುತ್ತು ಮುಗಿಯೋ ತನಕ ನಾನು ಎದ್ದುಹೋಗೋ ಹಾಗಿರಲಿಲ್ಲ. ಫೋನ್ ನೋಡೋ ಹಾಗಿರಲಿಲ್ಲ. ಅಮ್ಮನ ಪಕ್ಕ ಇಪ್ಪತ್ತು ನಿಮಿಷ ಸುಮ್ಮನೆ ಕೂರಲೇಬೇಕಿತ್ತು. ಅದಕ್ಕೂ ಮುಂಚೆ ನಾನು ಹಾಗೆ ಕೂತದ್ದು ಯಾವಾಗ ಅಂತ ನೆನಪಾಗಲಿಲ್ಲ.

ಎಂಟನೇ ಕೀಮೋ ಮುಗಿದ ದಿನ, ತುಂಬಾ ದಿನದಿಂದ ಗಂಟಲಲ್ಲಿದ್ದ ಪ್ರಶ್ನೆ ಕೇಳಿಬಿಟ್ಟೆ. "ಅಮ್ಮ, ಐದು ತಿಂಗಳು ಬರೀ ಜಪ ಮಾಡ್ಕೊಂಡು ಯಾಕ್ ಕೂತೆ? ಮಾತೆ ವಾಸಿ ಮಾಡ್ತಾಳೆ ಅಂತಾನಾ?"

ಅಮ್ಮ ನನ್ನ ಮುಖ ನೋಡಿದಳು. "ವಾಸಿ ಮಾಡು ಅಂತ ನಾನ್ ಕೇಳ್ಲೇ ಇಲ್ಲ ಕಣೇ. ಯಾರ್ ಹತ್ರ ಹೇಳ್ಲಿ? ನಿಮ್ಮಪ್ಪ ಬೋರ್‌ವೆಲ್ ಸಾಲದಲ್ಲಿದ್ರು. ನಿಂಗೆ ಗಂಡು ನೋಡ್ತಿದ್ವಿ. ಎದೇಲಿ ಗಂಟು ಅಂತ ಯಾರ್ ಮುಂದೆ ಬಾಯಿ ಬಿಡ್ಲಿ? ಅದಕ್ಕೆ ಅವಳ ಹತ್ರ ಹೇಳ್ಕೊಂಡೆ. ದಿನಾ ಹೇಳ್ಕೊಂಡೆ. ಅಲ್ಲಿ ಹೇಳಿ ಹೇಳಿ ಧೈರ್ಯ ಬಂದ್ಮೇಲೆ ತಾನೆ ನಿನ್ ಹತ್ರ ಹೇಳಿದ್ದು?"

ನಾನು ಆ ಗೆರೆಗಳನ್ನ ತಪ್ಪಾಗಿ ಓದಿದ್ದೆ. ತಡ ಮಾಡಿಸಿದ್ದು ಪ್ರಾರ್ಥನೆ ಅಂದುಕೊಂಡಿದ್ದೆ. ತಡ ಮಾಡಿಸಿದ್ದು ನಾಚಿಕೆ, ಸಾಲ, ನನ್ನ ಮದುವೆ ಮಾತುಕತೆ. ತಿಂಡಿವನಂನ ಆ ಮೂವರು ಹೆಂಗಸರನ್ನ ಕೊಂದ ಅದೇ ಮೌನ, ನೂರು ವರ್ಷ ದಾಟಿ ನಮ್ಮ ಅಡುಗೆಮನೆಯಲ್ಲಿ ಕೂತಿತ್ತು. ಆ ಐದು ತಿಂಗಳಲ್ಲಿ ಅಮ್ಮನ ಮಾತು ಕೇಳಿಸಿಕೊಂಡಿದ್ದು ಆ ಜಪಸರ ಒಂದೇ. ಕೇಳಿಸಿಕೊಳ್ಳಬೇಕಾದ ನಾವು ಅಲ್ಲೇ ಇದ್ದೆವು.

ಹರಿಹರ

2024ರ ಸೆಪ್ಟೆಂಬರ್ 8, ಭಾನುವಾರ. ನಾವು ಹರಿಹರದ ಬಸ್ ಹತ್ತಿದೆವು. ಆ ದಿನ ಮರಿಯಮ್ಮನವರ ಜನ್ಮದಿನದ ಹಬ್ಬ. ತಮಿಳುನಾಡಿನ ವೇಲಾಂಕಣಿಯಲ್ಲೂ, ಬೆಂಗಳೂರಿನ ಶಿವಾಜಿನಗರದಲ್ಲೂ ಅವತ್ತೇ. ಮಂಗಳೂರಿನ ಕಡೆ ಹೊಸ ತೆನೆ ತಂದು ಮೊಂತಿ ಹಬ್ಬ ಮಾಡ್ತಾರೆ.

ತುಂಗಭದ್ರೆಯ ದಡದ ಹರಿಹರ ಅಂದರೆ ಮೊದಲು ಹರಿಹರೇಶ್ವರ ದೇವಸ್ಥಾನ. ಹೊಯ್ಸಳ ಎರಡನೇ ನರಸಿಂಹನ ಕಾಲದಲ್ಲಿ, ಸುಮಾರು 1224ರಲ್ಲಿ, ದಂಡನಾಯಕ ಪೋಲಾಳ್ವ ಕಟ್ಟಿಸಿದ್ದು. ಅರ್ಧ ಹರಿ, ಅರ್ಧ ಹರ. ಅದೇ ಊರಲ್ಲಿ ಆರೋಗ್ಯ ಮಾತೆಯ ದೇವಾಲಯ. 2019ರಲ್ಲಿ ಅದಕ್ಕೆ ಬಸಿಲಿಕಾ ಪದವಿ ಸಿಕ್ಕಿತು. ಚಿತ್ರದುರ್ಗ, ದಾವಣಗೆರೆ, ಶಿವಮೊಗ್ಗ ಮೂರೂ ಜಿಲ್ಲೆಯ ಕಥೋಲಿಕರು ಒಂದೇ ಶಿವಮೊಗ್ಗ ಧರ್ಮಕ್ಷೇತ್ರಕ್ಕೆ ಸೇರಿದವರು, ಹಾಗಾಗಿ ಇದು ನಮ್ಮದೇ ಯಾತ್ರಾ ಸ್ಥಳ. ಆದರೆ ಕ್ಯೂನಲ್ಲಿ ನಿಂತಾಗ ಕುಂಕುಮ ಇಟ್ಟವರೂ, ಬುರ್ಖಾ ತೊಟ್ಟವರೂ ನಮ್ಮ ಹಿಂದೆ ಮುಂದೆ ಇದ್ದರು. ಕೈಯಲ್ಲಿ ಮೇಣದಬತ್ತಿ, ಇನ್ನೊಂದು ಕೈಯಲ್ಲಿ ಪ್ಲಾಸ್ಟಿಕ್ ಕವರ್. ಆ ಕವರ್ ಒಳಗಿನ ಎಕ್ಸ್‌ರೇಯ ಕಪ್ಪು ಅಂಚು ನನಗೆ ಈಗ ದೂರದಿಂದಲೇ ಗೊತ್ತಾಗುತ್ತೆ.

ಅಮ್ಮನೂ ತನ್ನ ಕಿದ್ವಾಯಿ ಫೈಲ್ ತಂದಿದ್ದಳು. ಯಾಕೆ ಅಂದೆ. "ಅವಳಿಗೆ ತೋರಿಸ್ಬೇಡ್ವಾ?" ಅಂದಳು.

ಅಮ್ಮ ಈಗ ಆರು ತಿಂಗಳಿಗೊಮ್ಮೆ ಚೆಕಪ್‌ಗೆ ಹೋಗ್ತಾಳೆ. ಪ್ರತೀ ಸಲ ರಿಪೋರ್ಟ್ ಬರೋ ತನಕ ನನಗೆ ನಿದ್ದೆ ಬರಲ್ಲ. ಇದುವರೆಗೂ ರಿಪೋರ್ಟ್ ಚೆನ್ನಾಗಿದೆ. ಇದನ್ನ ಪವಾಡ ಅಂತ ನಾನು ಹೇಳಲ್ಲ, ಹೇಳೋ ಹಕ್ಕು ನನಗಿಲ್ಲ. ಅಮ್ಮನ ವಾರ್ಡಿನಲ್ಲಿ ಅಷ್ಟೇ ಪ್ರಾರ್ಥನೆ ಮಾಡಿದವರು, ಅಷ್ಟೇ ಕೀಮೋ ತಗೊಂಡವರು, ಕೆಲವರು ಈಗಿಲ್ಲ.

ಹಾಗಾದರೆ ಯಾವ ಬಸ್? ನಾನು ಓದಿದ ಇತಿಹಾಸದಲ್ಲಿ ಸಿಕ್ಕ ಉತ್ತರ ಸರಳ. ಅವರು ಎರಡೂ ಬಸ್ ಹತ್ತಿದರು. ದುಬುವಾ ಪೂಜೆಯನ್ನೂ ಮಾಡಿದರು, ಲಸಿಕೆಯ ಲೆಕ್ಕವನ್ನೂ ಬರೆದರು. ಐಡಾ ರಾತ್ರಿಯಿಡೀ ಪ್ರಾರ್ಥಿಸಿದಳು, ಬೆಳಗ್ಗೆ ಎದ್ದು ಡಾಕ್ಟರಾಗೋಕೆ ಹೊರಟಳು. ಒಂದನ್ನೇ ಆರಿಸಿಕೋ ಅಂತ ಯಾರಾದರೂ ನಿಮ್ಮ ಮನೆಯಲ್ಲಿ ಹೇಳಿದರೆ, ಅವರು ಎಷ್ಟೇ ಪ್ರೀತಿಯಿಂದ ಹೇಳಲಿ, ಈ ಸಂಚಿಕೆಯ ಲಿಂಕ್ ಕಳಿಸಿ. ನಮ್ಮ ದೊಡ್ಡಮ್ಮನಿಗೂ ಕಳಿಸ್ತಿದ್ದೀನಿ. ಎಂಟನೇ ಕೀಮೋ ದಿನ ಬೆಂಗಳೂರಿಗೆ ರೊಟ್ಟಿ ಕಟ್ಟಿಕೊಂಡು ಬಂದಿದ್ದರು ಅವರು. ಅದನ್ನೂ ಹೇಳಲೇಬೇಕು.

ಇನ್ನೊಂದು ಕೆಲಸ. ಈ ಸಂಚಿಕೆ ಮುಗಿದ ಮೇಲೆ ನಿಮ್ಮ ಅಮ್ಮನಿಗೋ, ಅಜ್ಜಿಗೋ, ದೂರದಲ್ಲಿರೋ ಚಿಕ್ಕಮ್ಮನಿಗೋ ಫೋನ್ ಮಾಡಿ. ಊಟ ಆಯ್ತಾ ಅಂತ ಕೇಳಿದ ಮೇಲೆ, ಮೈಯಲ್ಲಿ ಎಲ್ಲಾದ್ರೂ ಗಂಟು, ನೋವು ಇದೆಯಾ ಅಂತನೂ ಕೇಳಿ. ಮೊದಲು "ಏನಿಲ್ಲ" ಅಂತಾರೆ. ಇನ್ನೊಂದು ಸಲ ಕೇಳಿ.